ಏರಿನಲ್ಲಿ ಉರಿಯುವ ತೊಡೆಗಳು

ಪ್ರಶ್ನೆ: ನನಗೆ 38 ವರ್ಷ. ಭಾನುವಾರಗಳಂದು ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ ತುಳಿಯುತ್ತೇನೆ. ಏರು ಶುರುವಾಗಿ ಹತ್ತು ನಿಮಿಷಕ್ಕೆಲ್ಲ ತೊಡೆ ಉರಿದು ವೇಗ ಕುಸಿಯುತ್ತದೆ. ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಗೆಳೆಯರು ಹೇಳಿದ್ದರಿಂದ ವಾರದ ದಿನಗಳಲ್ಲೂ ಒಂದೊಂದು ಗಂಟೆ ಏದುಸಿರು ಬರುವಂತೆ ತುಳಿಯುತ್ತಿದ್ದೇನೆ. ಫಲ ಕಾಣುತ್ತಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಜಯನಗರ

ಉತ್ತರ: ಗೆಳೆಯರು ಹೇಳಿದ ಲ್ಯಾಕ್ಟಿಕ್ ಆಮ್ಲ ದೇಹದಲ್ಲಿ ಇರುವುದು ಲ್ಯಾಕ್ಟೇಟ್ ರೂಪದಲ್ಲಿ. ಅದನ್ನು ಮೈಯಲ್ಲಿ ತುಂಬಿಕೊಳ್ಳುವ ಕಸವೆಂದು ಭಾವಿಸಬೇಡಿ. ರಭಸದ ಶ್ರಮದಲ್ಲಿ ಗ್ಲೂಕೋಸ್ ಒಡೆದಾಗ ಹುಟ್ಟುವ ಇದನ್ನು ನಿಧಾನಗತಿಯ ಸ್ನಾಯುತಂತುಗಳೂ ಹೃದಯವೂ ಇಂಧನವಾಗಿ ಬಳಸುತ್ತವೆ, ಯಕೃತ್ತು ಮತ್ತೆ ಗ್ಲೂಕೋಸ್ ಆಗಿ ಮಾರ್ಪಡಿಸುತ್ತದೆ. ಅಮೆರಿಕದ ವಿಜ್ಞಾನಿ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ಪ್ರತಿಪಾದಿಸುತ್ತ ಬಂದಿರುವ ವಿಚಾರವಿದು. ವಿಶ್ರಾಂತಿಯಲ್ಲಿ ಲೀಟರ್ ರಕ್ತಕ್ಕೆ ಸುಮಾರು 1 ಮಿಲಿಮೋಲ್ ಇರುವ ಲ್ಯಾಕ್ಟೇಟ್, ಉತ್ಪತ್ತಿಯು ಬಳಕೆಯನ್ನು ಮೀರಿದಾಗ ಏರುತ್ತಲೇ ಹೋಗುತ್ತದೆ. ಆ ಅಂಚನ್ನೇ ಥ್ರೆಶೋಲ್ಡ್ ಎನ್ನುತ್ತಾರೆ. ಮರುದಿನದ ಕಾಲುನೋವಿಗಂತೂ ಲ್ಯಾಕ್ಟೇಟ್ ಕಾರಣವಲ್ಲ.

ನಿಮ್ಮ ದಿನನಿತ್ಯದ ಏದುಸಿರಿನ ಸವಾರಿ ಹಗುರವೂ ಅಲ್ಲ, ಸಾಕಷ್ಟು ಕಠಿಣವೂ ಅಲ್ಲ; ದಣಿವು ಮಾತ್ರ ಉಳಿಯುತ್ತದೆ. ಲ್ಯಾಕ್ಟೇಟ್ ಬಳಸಿಕೊಳ್ಳುವ ಶಕ್ತಿ ಬೆಳೆಯಲು ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗಗಳು) ಮತ್ತು ಸೂಕ್ಷ್ಮ ರಕ್ತನಾಳಗಳು ಹೆಚ್ಚಬೇಕು. ಅದಕ್ಕೆ ಪಕ್ಕದವರೊಡನೆ ಸರಾಗವಾಗಿ ಮಾತನಾಡಬಹುದಾದಷ್ಟು ಹಗುರವಾದ ದೀರ್ಘ ಸವಾರಿಗಳೇ ತಳಹದಿ. ಅದು ಬೇಸರದ ಕೆಲಸ, ಒಪ್ಪುತ್ತೇನೆ.

ಕಠಿಣ ಅಭ್ಯಾಸ ವಾರಕ್ಕೆ ಎರಡೇ ಇರಲಿ. ಮೊದಲು 20 ನಿಮಿಷ ಪೂರ್ಣ ಶಕ್ತಿಯಿಂದ ತುಳಿದು, ಪವರ್ ಮೀಟರ್ (ತುಳಿತದ ಶಕ್ತಿಯನ್ನು ಅಳೆಯುವ ಸಾಧನ) ತೋರಿಸುವ ಸರಾಸರಿ ವಾಟ್‌ನ ಶೇ. 95ನ್ನು ನಿಮ್ಮ ಥ್ರೆಶೋಲ್ಡ್‌ನ ಅಂದಾಜೆಂದು ಇಟ್ಟುಕೊಳ್ಳಿ. ಕೆಲವು ವಾರ ಅದಕ್ಕಿಂತ ತುಸು ಕೆಳಗೆ 10 ನಿಮಿಷಗಳ ಮೂರು ಸುತ್ತು ಮಾಡಿ, ಕ್ರಮೇಣ 20 ನಿಮಿಷಗಳ ಎರಡು ಸುತ್ತಿಗೆ ಏರಿಸಿ. ಬಳಿಕ ‘ಓವರ್-ಅಂಡರ್’ ಆರಂಭಿಸಬಹುದು: ಥ್ರೆಶೋಲ್ಡ್‌ನ ಶೇ. 95ರಲ್ಲಿ 2 ನಿಮಿಷ, ಶೇ. 105ರಲ್ಲಿ 1 ನಿಮಿಷ, ಹೀಗೆ ಬಿಡುವಿಲ್ಲದೆ ಮೂರು ಸಲ; 5 ನಿಮಿಷ ಹಗುರವಾಗಿ ತುಳಿದು ಮತ್ತೊಂದು ಸುತ್ತು. ಆ ಒಂದು ನಿಮಿಷದಲ್ಲಿ ಹೆಚ್ಚಿದ ಲ್ಯಾಕ್ಟೇಟನ್ನು ಮುಂದಿನ ಎರಡು ನಿಮಿಷಗಳಲ್ಲಿ ಕಾಲುಗಳು ಕೆಲಸ ಮಾಡುತ್ತಲೇ ಬಳಸಿಕೊಳ್ಳಬೇಕು. ಆದ್ದರಿಂದ ಅಲ್ಲಿ ಶೇ. 80ಕ್ಕೆ ಜಾರಿದರೆ ಅಭ್ಯಾಸದ ಉದ್ದೇಶವೇ ಕೆಡುತ್ತದೆ. ನಗರದ ಸಿಗ್ನಲ್‌ಗಳ ನಡುವೆ ಇದು ಸಾಧ್ಯವಿಲ್ಲ. ಮನೆಯಲ್ಲಿ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸಾಧನ) ಮೇಲೆ, ಎದುರಿಗೆ ಫ್ಯಾನ್ ಇಟ್ಟುಕೊಂಡು ಮಾಡುವುದೇ ಮೇಲು.

ಇನ್ನೊಂದು ಅನುಮಾನವಿದೆ. ಜಯನಗರದಿಂದ ಬೆಟ್ಟದ ಬುಡ ಸೇರುವಷ್ಟರಲ್ಲಿ ನೀವು ಎರಡು ಗಂಟೆಗೂ ಹೆಚ್ಚು ತುಳಿದಿರುತ್ತೀರಿ. ಬರೀ ಕಾಫಿ ಕುಡಿದು ಹೊರಟಿದ್ದರೆ, ಏರಿನಲ್ಲಿ ಕೈಕೊಡುತ್ತಿರುವುದು ಸ್ನಾಯುಗಳಲ್ಲಿನ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ದಾಸ್ತಾನೂ ಇರಬಹುದು. ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಿ, ಏರಿನ ಮೊದಲ ಕಿಲೋಮೀಟರಿನಲ್ಲಿ ಗೆಳೆಯರು ಮುಂದೆ ಹೋದರೂ ಥ್ರೆಶೋಲ್ಡ್ ದಾಟದಿರಿ.