ಆರ್‌ಎನ್‌ಎ ತಡೆದ ವಂಶವಾಹಿ ಮೊಮ್ಮರಿಗಳಲ್ಲೂ ಸ್ತಬ್ಧವಾಗಿರುವುದು ಹೇಗೆ?

ಹುಳುವಿಗೆ ಎರಡೆಳೆಯ ಆರ್‌ಎನ್‌ಎ ಕೊಟ್ಟು ಒಂದು ವಂಶವಾಹಿಯನ್ನು ಸ್ತಬ್ಧಗೊಳಿಸಿದರೆ, ಡಿಎನ್‌ಎಯ ಅಕ್ಷರಗಳು ಬದಲಾಗದಿದ್ದರೂ ಮರಿ, ಮೊಮ್ಮರಿಗಳಲ್ಲೂ ಅದು ಸ್ತಬ್ಧವಾಗಿರುವುದೇಕೆ, ತಾಯಿಯ ಆರ್‌ಎನ್‌ಎ ಮೊಟ್ಟೆಯಲ್ಲಿ ಹಾಗೆಯೇ ಉಳಿದಿರುತ್ತದೆಯೇ, ಮನುಷ್ಯರಲ್ಲೂ ಹೀಗಾಗುವುದೇ ಎಂದು ಕೇಳಿದ್ದೀರಿ.

ಬರೀ ಉಳಿಕೆಯಿಂದ ಇದು ಸಾಧ್ಯವಿಲ್ಲ. ಸುಮಾರು ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ದುಂಡುಹುಳು ತನ್ನದೇ ವೀರ್ಯಾಣುಗಳಿಂದ ಸುಮಾರು 300 ಮರಿಗಳನ್ನು ಪಡೆಯುತ್ತದೆ. ಅಂದರೆ ನಾಲ್ಕನೆಯ ಪೀಳಿಗೆಯ ಹೊತ್ತಿಗೆ ಮೂಲ ಆರ್‌ಎನ್‌ಎ 810 ಕೋಟಿ ಪಾಲಾಗಿರಬೇಕು. ಆದರೂ ಪರಿಣಾಮ ಹಲವು ಪೀಳಿಗೆಗಳವರೆಗೆ ಕಾಣುತ್ತದೆ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಆರ್‌ಎನ್‌ಎ ಹಸ್ತಕ್ಷೇಪವನ್ನು, ಅಂದರೆ ಎರಡೆಳೆಯ ಆರ್‌ಎನ್‌ಎಯಿಂದ ವಂಶವಾಹಿ ಸ್ತಬ್ಧವಾಗುವ ಈ ಕ್ರಿಯೆಯನ್ನು, ವರದಿ ಮಾಡಿದಾಗಲೇ ಅದು ಮರಿಗಳಿಗೂ ದಾಟುವುದನ್ನು ಗಮನಿಸಿದ್ದರು.

ನಡೆಯುವುದು ಹೀಗೆ. ಡೈಸರ್ ಎಂಬ ಕಿಣ್ವವು ಎರಡೆಳೆಯ ಆರ್‌ಎನ್‌ಎಯನ್ನು ಚಿಕ್ಕ ತುಣುಕುಗಳಾಗಿ ಕತ್ತರಿಸುತ್ತದೆ. ಆ ತುಣುಕುಗಳು ಆರ್ಗೊನಾಟ್ ಪ್ರೋಟೀನಿನೊಡನೆ ಸೇರಿ ತಮಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಬೇಕಾದ ವಂಶವಾಹಿಯ ನಕಲನ್ನು) ಪತ್ತೆಹಚ್ಚುತ್ತವೆ. ಬಳಿಕ ಅದನ್ನೇ ಅಚ್ಚಾಗಿಟ್ಟುಕೊಂಡು ಮತ್ತೊಂದು ಕಿಣ್ವವು 22 ಅಕ್ಷರಗಳ ಹೊಸ ಆರ್‌ಎನ್‌ಎಗಳನ್ನು ರಾಶಿರಾಶಿಯಾಗಿ ತಯಾರಿಸುತ್ತದೆ. ನಿನ್ನೆಯ ಮೊಸರಿನ ಒಂದು ಚಮಚ ಹೆಪ್ಪು ಇಂದಿನ ಪಾತ್ರೆ ತುಂಬ ಮೊಸರಾಗುವಂತೆ, ಅಂಡಾಣು ಅಥವಾ ವೀರ್ಯಾಣುವಿನ ಮೂಲಕ ಬಂದ ಅಲ್ಪಸ್ವಲ್ಪವೂ ಮರಿಯಲ್ಲಿ ಮತ್ತೆ ವೃದ್ಧಿಯಾಗುತ್ತದೆ. ಜನನಕೋಶಗಳಲ್ಲಿ ಎಚ್‌ಆರ್‌ಡಿಇ-1 ಎಂಬ ಆರ್ಗೊನಾಟ್ ಈ ಆರ್‌ಎನ್‌ಎಗಳನ್ನು ಕೋಶಕೇಂದ್ರಕ್ಕೆ ಒಯ್ಯುತ್ತದೆ, ಅಲ್ಲಿ ಆ ವಂಶವಾಹಿಯ ಹಿಸ್ಟೋನ್‌ಗಳ, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲೆ ತಡೆಯ ಗುರುತು ಬೀಳುತ್ತದೆ. 2012ರಲ್ಲಿ ಪ್ರಕಟವಾದ ಒಂದು ಫಲಿತಾಂಶ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಎಚ್‌ಆರ್‌ಡಿಇ-1 ಇಲ್ಲದ ಹುಳುವಿನಲ್ಲಿಯೂ ವಂಶವಾಹಿ ಸ್ತಬ್ಧವಾಗುತ್ತದೆ, ಆದರೆ ಆ ಸ್ಥಿತಿ ಮುಂದಿನ ಪೀಳಿಗೆಗಳಲ್ಲಿ ನಿಲ್ಲುವುದಿಲ್ಲ. ಸ್ತಬ್ಧಗೊಳ್ಳುವುದು ಬೇರೆ, ಅದು ವಂಶಕ್ಕೆ ಇಳಿಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಸಾಮಾನ್ಯವಾಗಿ ಮೂರರಿಂದ ಐದು ಪೀಳಿಗೆಗಳಲ್ಲಿ ಇದು ಅಳಿಸಿಹೋಗುತ್ತದೆ. ಪರಿಣಾಮ ಉಳಿದ ಹುಳುಗಳನ್ನೇ ಆರಿಸಿ ಬೆಳೆಸಿದಾಗ 80 ಪೀಳಿಗೆ ದಾಟಿದ್ದೂ 2006ರಲ್ಲಿ ವರದಿಯಾಗಿದೆ. ಈ ಅವಧಿಯನ್ನು ಹುಳುವಿನ ಒಳಗಿನ ವ್ಯವಸ್ಥೆಯೇ ನಿಯಂತ್ರಿಸುತ್ತದೆ ಎಂದು ಸಂಶೋಧಕ ಓಡೆಡ್ ರೆಚಾವಿಯವರ ತಂಡ 2016ರಲ್ಲಿ ತೋರಿಸಿತು.

ಮನುಷ್ಯರ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಇಂತಹ ಆರ್‌ಎನ್‌ಎಗಳನ್ನು ವೃದ್ಧಿಸುವ ಆ ಹುಳುವಿನ ಕಿಣ್ವ ಸಸ್ತನಿಗಳಲ್ಲಿಲ್ಲ. ಇಲಿಗಳ ವೀರ್ಯಾಣುಗಳಲ್ಲಿರುವ ಸಣ್ಣ ಆರ್‌ಎನ್‌ಎಗಳು ಮರಿಗಳ ಚಯಾಪಚಯದ ಮೇಲೆ ಪ್ರಭಾವ ಬೀರುವ ಸೂಚನೆಗಳು ದೊರೆತಿವೆಯಾದರೂ, ಅದನ್ನು ಹುಳುವಿನಲ್ಲಿ ಕಂಡ ಆನುವಂಶಿಕತೆಗೆ ಸಮನೆಂದು ಹೇಳಲಾಗದು. ಅಮೆರಿಕದಲ್ಲಿ 2018ರಲ್ಲಿ ಅನುಮತಿ ಪಡೆದ ಪಾಟಿಸಿರಾನ್‌ನಂತಹ ಔಷಧಗಳು ಇದೇ ತತ್ವವನ್ನು ಬಳಸುತ್ತವೆ. ಆದರೆ ಅವು ಯಕೃತ್ತಿನ ಕೋಶಗಳಲ್ಲಿ ಕೆಲಸ ಮಾಡುತ್ತವೆ, ಪರಿಣಾಮ ಉಳಿಯಬೇಕಾದರೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ.