ದಾವಣಗೆರೆಯಲ್ಲಿ ಮೊದಲ ರೀಫ್ ಟ್ಯಾಂಕ್: ಲೈಟು, ಸ್ಕಿಮ್ಮರ್ ಆಮೇಲೆ ನೋಡೋಣ

ನಿಮ್ಮ ಪ್ರಶ್ನೆ ಇಷ್ಟು: ವಿದ್ಯಾನಗರದಲ್ಲಿ ಮನೆ, ಐದು ವರ್ಷದಿಂದ ಗೋಲ್ಡ್‌ಫಿಶ್ ಸಾಕಿದ್ದೀರಿ, ಈಗ ಮೂರಡಿ ಟ್ಯಾಂಕಿನಲ್ಲಿ ಉಪ್ಪುನೀರಿನ ರೀಫ್, ಅಂದರೆ ಹವಳ ಬೆಳೆಸೋ ಟ್ಯಾಂಕು, ಮಾಡುವ ಆಸೆ. ಅಂಗಡಿಯವರು ದೊಡ್ಡ ಲೈಟು, ದೊಡ್ಡ ಸ್ಕಿಮ್ಮರ್ (ನೀರಿನ ಕೊಳೆ ತೆಗೆಯೋ ಯಂತ್ರ) ಮೊದಲು ತಗೊಳ್ಳಿ ಅಂದಿದ್ದಾರೆ. ದುಡ್ಡು ಒಂದೇ ಸಲ ಹಾಕೋಕೆ ಆಗಲ್ಲ, ಯಾವುದು ಮೊದಲು?

ನಾನು ನಿಟುವಳ್ಳಿಯವನು. ಇದೇ ಅಳತೆಯ ಟ್ಯಾಂಕು ಆರು ವರ್ಷದಿಂದ ನಮ್ಮ ಹಾಲ್‌ನಲ್ಲಿದೆ. ನಮ್ಮೂರಲ್ಲಿ ಹವಳ ಸಾಯೋದು ಲೈಟು ಕಮ್ಮಿಯಾಗಿ ಅಲ್ಲ. ಬೋರ್ ನೀರು, ಏಪ್ರಿಲ್ ಬಿಸಿಲು, ಹೋಗಿ ಬರೋ ಕರೆಂಟು, ಈ ಮೂರರಿಂದ. ಮೊದಲ ದುಡ್ಡು ಅಲ್ಲಿಗೇ ಹೋಗಲಿ.

ನೀರಿನಿಂದ ಶುರು ಮಾಡ್ತೀನಿ. ನಮ್ಮ ಮನೆ ಬೋರ್ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯೋದು) ಹಾಕಿದರೆ 800 ದಾಟುತ್ತೆ. ನಲ್ಲಿ ನೀರು ಅದಕ್ಕಿಂತ ಎಷ್ಟೋ ವಾಸಿ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತೆ. ಎರಡೂ ನೇರವಾಗಿ ಬೇಡ. ಅಡುಗೆಮನೆಯ ಆರ್‌ಓ ಇದೆಯಲ್ಲ ಅಂತೀರಿ. ಕುಡಿಯೋ ನೀರಿಗೆ ರುಚಿ ಬರಲಿ ಅಂತ ಅದರಲ್ಲಿ ಸ್ವಲ್ಪ ಮೂಲ ನೀರನ್ನೇ ಮತ್ತೆ ಬೆರೆಸೋ ವ್ಯವಸ್ಥೆ ಇರುತ್ತೆ, ಹಾಗಾಗಿ 60, 80 ಬರುತ್ತೆ. ನಮಗೆ ಬೇಕಾದ್ದು ಸೊನ್ನೆ. ಆ ಬೆರೆಸೋ ನಾಬ್ ಪೂರ್ತಿ ಮುಚ್ಚಿಸಿ, ಕೊನೆಯಲ್ಲಿ ಉಳಿದ ಲವಣವನ್ನೂ ಹಿಡಿದಿಡೋ ಡಿಐ ರೆಸಿನ್ ಹರಳು ತುಂಬಿದ ಒಂದು ಕೊಳವೆ ಸೇರಿಸಿದರೆ ಸೊನ್ನೆ ಬರುತ್ತೆ. ಬಣ್ಣ ಬದಲಾಗೋ ರೆಸಿನ್ ತಗೊಳ್ಳಿ, ಖಾಲಿಯಾದದ್ದು ಕಣ್ಣಿಗೇ ಕಾಣುತ್ತೆ. ಇದು ಯಾಕಿಷ್ಟು ಮುಖ್ಯ ಅಂದರೆ, ಟ್ಯಾಂಕಿನಿಂದ ಆವಿಯಾಗಿ ಹೋಗೋದು ಬರೀ ನೀರು. ನೀವು ದಿನಾ ಸೇರಿಸೋ ನೀರಿನಲ್ಲಿರೋ ನೈಟ್ರೇಟು, ಸಿಲಿಕಾ ಎಲ್ಲಾ ಒಳಗೇ ಉಳಿದು ಕೂಡ್ತಾ ಹೋಗುತ್ತೆ. ಆರು ತಿಂಗಳಿಗೆ ಗಾಜಿನ ತುಂಬಾ ಪಾಚಿ.

ಉಪ್ಪು ಅಂದರೆ ಅಂಗಡಿಯ ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಸೇರಿದ ರೀಫ್ ಸಾಲ್ಟ್ ಮಿಕ್ಸ್. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಹಾಕಿ, ಸಣ್ಣ ಪಂಪು ಬಿಟ್ಟು ಒಂದು ದಿನ ಕದಡಬೇಕು. ನೀರಿನ ಉಪ್ಪು ಅಳೆಯೋಕೆ ರಿಫ್ರಾಕ್ಟೋಮೀಟರ್ ಕೊಳ್ಳಿ, ಮುಳ್ಳಿರೋ ಪ್ಲಾಸ್ಟಿಕ್ ಹೈಡ್ರೋಮೀಟರ್ ಬೇಡ. ಜೊತೆಗೆ ಮೀಟರ್ ಸರಿ ತೋರಿಸ್ತಿದೆಯಾ ಅಂತ ನೋಡೋಕೆ 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪು) ಕ್ಯಾಲಿಬ್ರೇಶನ್ ದ್ರಾವಣದ ಸಣ್ಣ ಬಾಟಲಿ. ಸಾಂದ್ರತೆ 1.025ರಿಂದ 1.026ರಲ್ಲಿ ನಿಲ್ಲಬೇಕು.

ಇನ್ನು ಬಿಸಿಲು. ನೀರು 24ರಿಂದ 27 ಡಿಗ್ರಿಯಲ್ಲಿರಬೇಕು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಜೀವಿಸಿರುತ್ತೆ, ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟ ಕೊಡೋದು ಅದೇ. ನೀರು 30 ದಾಟಿ ಕೆಲವು ದಿನ ನಿಂತರೆ ಹವಳ ಆ ಪಾಚಿಯನ್ನೇ ಹೊರಗೆ ತಳ್ಳಿ ಬೆಳ್ಳಗಾಗುತ್ತೆ, ಆಮೇಲೆ ಹಸಿವಿನಿಂದ ಸಾಯುತ್ತೆ. ಹಾಗಂತ ಮೊದಲ ದಿನವೇ ಚಿಲ್ಲರ್ (ನೀರು ತಣಿಸೋ ಯಂತ್ರ) ಬೇಕು ಅಂತ ನಾನು ಹೇಳಲ್ಲ. ನಮ್ಮ ಬೇಸಿಗೆ ಒಣ ಬೇಸಿಗೆ. ಮಣ್ಣಿನ ಹೂಜಿಯ ನೀರು ತಣ್ಣಗಾಗೋ ಕಾರಣಕ್ಕೇ ಟ್ಯಾಂಕಿನ ನೀರೂ ತಣ್ಣಗಾಗುತ್ತೆ: ಮೇಲೆ ಎರಡು ಸಣ್ಣ ಫ್ಯಾನ್ ಹಾಕಿ ಗಾಳಿ ಬೀಸಿದರೆ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತೆ. ಮಂಗಳೂರಿನ ಬೆವರು ಸುರಿಯೋ ಗಾಳಿಯಲ್ಲಿ ಇಷ್ಟು ಕೆಲಸ ಆಗಲ್ಲ. ನಮಗೆ ಸಮುದ್ರ ದೂರ ಅನ್ನೋದು ಇಲ್ಲಿ ಮಾತ್ರ ಲಾಭ. ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೆ 100 ವ್ಯಾಟಿನ ಒಂದು ಹೀಟರೂ ಇರಲಿ.

ಫ್ಯಾನ್ ಹಾಕಿದಿರೋ, ಆಟೋ ಟಾಪ್-ಅಪ್, ಅಂದರೆ ಆವಿಯಾದಷ್ಟು ನೀರನ್ನು ತಾನೇ ತುಂಬೋ ವ್ಯವಸ್ಥೆ, ಹಾಕಲೇಬೇಕು. ಇದನ್ನು ನಾನು ಕಲಿತದ್ದು ದುಗ್ಗಮ್ಮನ ಜಾತ್ರೆಯಲ್ಲಿ. ಮನೆ ತುಂಬಾ ನೆಂಟರು, ಮೂರು ದಿನ ಟ್ಯಾಂಕಿನ ಕಡೆ ಯಾರೂ ತಿರುಗಿ ನೋಡಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕೆಳಗಿನಿಂದ ಗೊರಗೊರ ಸದ್ದು. ಪಂಪು ಗಾಳಿ ಎಳೀತಿತ್ತು. ಫ್ಯಾನುಗಳು ದಿನಕ್ಕೆ ಐದಾರು ಲೀಟರ್ ನೀರು ಹಾರಿಸಿದ್ದವು. ಉಪ್ಪು ಅಷ್ಟೂ ಉಳಿದು 1.025 ಇದ್ದದ್ದು 1.028 ಆಗಿತ್ತು. ಗಾಬರಿಯಲ್ಲಿ ಒಂದೂವರೆ ಕೊಡ ಆರ್‌ಓ ನೀರು ಒಂದೇ ಸಲಕ್ಕೆ ಸುರಿದೆ. ಅದೇ ದೊಡ್ಡ ತಪ್ಪು. ಎರಡು ವರ್ಷದಿಂದ ಇದ್ದ ಕ್ಲೀನರ್ ಸೀಗಡಿ, ಕೈ ಒಳಗಿಟ್ಟರೆ ಉಗುರಿನ ಮೇಲೆ ಬಂದು ಕೂತು ಕೆದಕುತ್ತಿತ್ತು, ಸಂಜೆಗೆ ಕಲ್ಲಿನ ಸಂದಿಯಲ್ಲಿ ಮಗುಚಿ ಬಿದ್ದಿತ್ತು. ಝೋವಾಂತಿಡ್ ಅನ್ನೋ ಮೆದು ಹವಳಗಳು ಒಂದು ವಾರ ಮುಖ ತೆರೆಯಲಿಲ್ಲ. ಸೆನ್ಸರ್ ಇರೋ ಒಂದು ಸಣ್ಣ ಟಾಪ್-ಅಪ್ ಪಂಪು, ಪಕ್ಕದಲ್ಲಿ 20 ಲೀಟರಿನ ಕ್ಯಾನು ಇದ್ದಿದ್ದರೆ ಆ ಸೀಗಡಿ ಉಳೀತಿತ್ತು. ನೀರು ಇಳಿದದ್ದು ನಿಮ್ಮ ಕಣ್ಣಿಗೆ ಬಿದ್ದರೂ ಗಂಟೆಗೆ ಒಂದೆರಡು ಲೋಟದ ಲೆಕ್ಕದಲ್ಲಿ ತುಂಬಿ.

ಕರೆಂಟಿನ ವಿಷಯ. ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ ಗಾಜಿನ ತೊಟ್ಟಿಗೆ ಈ ಹವ್ಯಾಸದಲ್ಲಿ ಸಂಪ್ ಅಂತಾರೆ, ಮನೆ ಮುಂದಿನ ನೀರಿನ ಸಂಪ್ ಜೊತೆ ಗೊಂದಲ ಮಾಡ್ಕೋಬೇಡಿ. ಮೇಲಿನ ನೀರು ಅದಕ್ಕೆ ಇಳಿಯುತ್ತೆ, ರಿಟರ್ನ್ ಪಂಪು ಮತ್ತೆ ಮೇಲಕ್ಕೆ ಕಳಿಸುತ್ತೆ. ಕರೆಂಟು ಹೋದ ಕ್ಷಣ ಪಂಪು ನಿಂತು, ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತೆ. ಸಂಪಿನಲ್ಲಿ ಅದಕ್ಕೆ ಜಾಗ ಬಿಡದಿದ್ದರೆ ಹಾಲ್ ತುಂಬಾ ಉಪ್ಪುನೀರು. ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟಕ್ಕೆ ಹತ್ತಿರವೇ ಇರಲಿ. ಮೀನು ಬಿಡೋ ಮುಂಚೆ ನೀವೇ ಹತ್ತು ಸಲ ಸ್ವಿಚ್ ಆರಿಸಿ ನೋಡಿ, ಸಂಪಿನಲ್ಲಿ ನೀರು ಎಲ್ಲಿವರೆಗೆ ಏರುತ್ತೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೀರಿ.

ಇನ್ವರ್ಟರ್ ಸೈನ್ ವೇವ್ ಇರಬೇಕು. ಹಳೇ ಸ್ಕ್ವೇರ್ ವೇವ್‌ನಲ್ಲಿ ನೇರ ಮನೆ ಕರೆಂಟಿನಲ್ಲಿ ಓಡೋ (ಎಸಿ) ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗ್ತವೆ. 12 ವೋಲ್ಟಿನ 150 ಎಎಚ್ ಬ್ಯಾಟರಿ ಅಂದರೆ ಲೆಕ್ಕಕ್ಕೆ 1,800 ವ್ಯಾಟ್-ಅವರ್. ರಿಟರ್ನ್ ಪಂಪು, ಟ್ಯಾಂಕಿನೊಳಗೆ ನೀರು ಅಲುಗಿಸೋ ವೇವ್‌ಮೇಕರ್ ಸೇರಿ 40 ವ್ಯಾಟು ಎಳೆದರೆ, ಮನೆಯ ಫ್ಯಾನು ಲೈಟಿನ ಜೊತೆಗೂ ಎಂಟು ಗಂಟೆ ದೂಡಬಹುದು. ಹೀಟರು, ಟ್ಯಾಂಕಿನ ಲೈಟು ಅದಕ್ಕೆ ಹಾಕಬೇಡಿ. ಕತ್ತಲಲ್ಲಿ ಹವಳ ಒಂದು ದಿನ ಇರುತ್ತೆ, ನೀರು ಅಲುಗಾಡದೆ ಆಮ್ಲಜನಕ ಇಳಿದರೆ ಮೀನು ಕೆಲವೇ ಗಂಟೆ. ಟ್ಯಾಂಕಿನ ಸರ್ಕೀಟಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರಿಸೋ ಸ್ವಿಚ್) ಹಾಕಿಸಿ, ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ, ತೊಟ್ಟಿಕ್ಕೋ ನೀರು ಅಲ್ಲೇ ಕೆಳಗೆ ಬೀಳುತ್ತೆ. ಮನೆಯಲ್ಲಿ ಮಕ್ಕಳಿದ್ದಾರೋ ಇಲ್ಲವೋ, ಇದರಲ್ಲಿ ರಾಜಿ ಬೇಡ.

ಅಂಗಡಿಯವರು ಹೇಳಿದ ಎರಡಕ್ಕೆ ಈಗ ಬರ್ತೀನಿ. ಸ್ಕಿಮ್ಮರ್ ಒಳ್ಳೆಯದೇ. ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿಸಿಕೊಂಡು ನೊರೆಯಾಗಿ ಮೇಲಿನ ಕಪ್ಪಿಗೆ ತಳ್ಳುತ್ತೆ, ಡಿಕಾಕ್ಷನ್ ಬಣ್ಣದ ನಾರುವ ನೀರು ನೋಡಿದರೆ ಇದೆಲ್ಲಾ ಟ್ಯಾಂಕಿನಲ್ಲಿತ್ತಾ ಅನ್ನಿಸುತ್ತೆ. ಆದರೆ 190 ಲೀಟರಿಗೆ ಎರಡು ಕ್ಲೌನ್‌ಫಿಶ್ ಬಿಟ್ಟು, ವಾರಕ್ಕೆ ನೂರಕ್ಕೆ ಹತ್ತು ಪಾಲು ನೀರು ಬದಲಾಯಿಸಿದರೆ ಮೊದಲ ಆರು ತಿಂಗಳು ಅದಿಲ್ಲದೆ ನಡೆಯುತ್ತೆ. ಸಂಪಿನಲ್ಲಿ ಜಾಗ ಬಿಟ್ಟಿರಿ ಸಾಕು. ಇನ್ನು ಲೈಟು: ಮೆದು ಹವಳಕ್ಕೆ ನೀಲಿ ಹೆಚ್ಚಿರೋ ಮಧ್ಯಮ ಎಲ್‌ಇಡಿ ಸಾಕು. ಶುರುವಿನಲ್ಲಿ ನೂರಕ್ಕೆ ಮೂವತ್ತರಲ್ಲೇ ಉರಿಸಿ. ವೇವ್‌ಮೇಕರ್ ಎರಡು, ಸೇರಿ ಗಂಟೆಗೆ 4,000ದಿಂದ 6,000 ಲೀಟರ್ ತಳ್ಳುವಂಥವು.

ಕಲ್ಲು, ಹವಳ ಕೊಳ್ಳೋ ಮುಂಚೆ ಇದನ್ನು ಓದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲೇ ಕಲ್ಲು ಹವಳಗಳೆಲ್ಲಾ ಸೇರಿದವು, ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ ಕೂಡ. ನಮ್ಮ ಸಮುದ್ರದಿಂದ ಕಿತ್ತು ತಂದ ಲೈವ್ ರಾಕ್ ಅಂದರೆ ಅದೇ ಹವಳದ ಅಸ್ಥಿ. ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಸೆರಾಮಿಕ್ ಕಲ್ಲು ತಗೊಳ್ಳಿ. ಚಿತ್ರದುರ್ಗದ ಕಲ್ಲು ಹಾಕಬಹುದಾ ಅಂತ ಒಬ್ಬರು ಕೇಳಿದ್ದರು. ಆ ಗ್ರಾನೈಟು ಗಟ್ಟಿ, ಬ್ಯಾಕ್ಟೀರಿಯಾ ಮನೆ ಮಾಡೋಕೆ ಅದರಲ್ಲಿ ರಂಧ್ರಗಳೇ ಇಲ್ಲ. ಹವಳಕ್ಕೆ ಝೋವಾಂತಿಡ್, ಮಶ್ರೂಮ್, ಲೆದರ್ ಇಂಥ ಮೆದು ಜಾತಿಗಳಲ್ಲೇ ಇರಿ, ಅವೂ ಟ್ಯಾಂಕಿನಲ್ಲಿ ಬೆಳೆಸಿ ಕತ್ತರಿಸಿದ ತುಂಡುಗಳೇ ಆಗಿರಲಿ. ಕ್ಲೌನ್‌ಫಿಶ್ ಮರಿ ಮಾಡಿಸೋ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ, ಸಾಕಿ ಬೆಳೆಸಿದ ಮರಿಯನ್ನೇ ಕೇಳಿ ಪಡೆಯಿರಿ.

ತುಂಬಿದ ಮೂರಡಿ ಟ್ಯಾಂಕು ಸ್ಟ್ಯಾಂಡು, ಸಂಪ್ ಸೇರಿ 300 ಕಿಲೋ ತೂಗುತ್ತೆ, ಮೇಲ್ಮಹಡಿಯಾದರೆ ಗೋಡೆಗೆ ಒತ್ತಿ, ಬೀಮಿನ ಮೇಲೆ ಬರೋ ಹಾಗೆ ಇಡಿಸಿ.

ಈಗ ಫೆಬ್ರವರಿ. ಟ್ಯಾಂಕು, ಪಂಪು, ನೀರಿನ ವ್ಯವಸ್ಥೆ, ಫ್ಯಾನು, ಟಾಪ್-ಅಪ್, ಇನ್ವರ್ಟರ್ ಇಷ್ಟೇ ಕೊಂಡು ಉಪ್ಪುನೀರು ತುಂಬಿ, ಕಲ್ಲಿಟ್ಟು, ಚೂರು ಅಮೋನಿಯಾ ಹಾಕಿ ಓಡಿಸಿ. ಅಮೋನಿಯಾವನ್ನು ನೈಟ್ರೈಟ್, ನೈಟ್ರೈಟನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕೇ ಬೇಕು. ಆಮೇಲೂ ಕೆಲವು ಚಿಟಿಕೆ ಮೀನಿನ ಆಹಾರ ಹಾಕ್ತಾ ಮೇ ಕೊನೆವರೆಗೆ ಖಾಲಿಯೇ ನಡೆಸಿ. ದಿನಾ ಮಧ್ಯಾಹ್ನ ಮೂರು ಗಂಟೆಗೆ ನೀರಿನ ಉಷ್ಣತೆ ನೋಡಿ ಒಂದು ಪುಸ್ತಕದಲ್ಲಿ ಬರೀರಿ. ಫ್ಯಾನ್ ಇದ್ದೂ 28 ದಾಟಿದ ದಿನಗಳು ನಾಲ್ಕೈದಾದರೆ ಚಿಲ್ಲರ್ ಬೇಡ. ಸಾಲಾಗಿ ಎರಡು ವಾರ ದಾಟಿದ್ದರೆ ಲೈಟಿಗೂ ಮುಂಚೆ ಚಿಲ್ಲರ್ ಕೊಳ್ಳಿ. ಒಂದು ಜೀವವನ್ನೂ ಕಷ್ಟಕ್ಕೆ ದೂಡದೆ ನಿಮ್ಮ ಮನೆಯ ಬೇಸಿಗೆ ನಿಮಗೆ ಗೊತ್ತಾಗಿರುತ್ತೆ. ಮಳೆ ಬಿದ್ದ ಮೇಲೆ, ಜೂನ್‌ನಲ್ಲಿ, ಮೀನು ತನ್ನಿ.

ಟ್ಯಾಂಕು ಇಡೋ ಗೋಡೆ ಪಶ್ಚಿಮದ್ದಾ? ಸಂಜೆ ಬಿಸಿಲು ಬೀಳೋ ಗೋಡೆಯಾದರೆ ಮೊದಲು ಆ ಜಾಗ ಬದಲಾಯಿಸಿ, ಆಮೇಲೆ ಹಾಲ್‌ನ ಅಳತೆ ಬರೆದು ಕಳಿಸಿ, ಸಂಪ್ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.