ರಸ್ತೆಯ ಆ ಬದಿಗೆ ಪರಿಹಾರ, ಈ ಬದಿಗೆ ಸೊನ್ನೆ

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಣ್ಣನ ಮಗನಿಗೆ ಕಾರು ಅಪಘಾತದಲ್ಲಿ ಕಾಲು ಮುರಿಯಿತು. ಸ್ವಲ್ಪ ತಪ್ಪು ಅವನದೂ ಇತ್ತು. ಆದರೂ ಪರಿಹಾರ ಬಂತು. ವರ್ಜೀನಿಯಾದಲ್ಲಿರುವ ನನ್ನ ಮಗಳಿಗೆ ಎದುರಿನವನು ಅಡ್ಡ ತಿರುಗಿಸಿ ಗುದ್ದಿ ಹದಿನಾಲ್ಕು ತಿಂಗಳಾಯಿತು. ಪೊಲೀಸರ ಮುಂದೆ “ನಾನೂ ಸ್ವಲ್ಪ ಸ್ಪೀಡಾಗಿದ್ದೆ” ಅಂದಳಂತೆ. ಅಷ್ಟಕ್ಕೇ ಎದುರಿನವನ ವಿಮಾ ಕಂಪನಿ ಒಂದು ಡಾಲರೂ ಕೊಡಲ್ಲ ಅನ್ನುತ್ತಿದೆ. ಒಂದೇ ದೇಶದಲ್ಲಿ ಎರಡು ನ್ಯಾಯವೇ?’

ಮೇಷ್ಟ್ರೇ, ಎರಡಲ್ಲ, ಅದಕ್ಕಿಂತ ಜಾಸ್ತಿಯೇ ಇವೆ. ನಮ್ಮಲ್ಲಿ ಬೀದರಿಗೂ ಕಾಸರಗೋಡಿಗೂ 1988ರ ಮೋಟಾರು ವಾಹನ ಕಾಯ್ದೆ ಒಂದೇ. ಅಮೆರಿಕದಲ್ಲಿ ಇದು ಆಯಾ ರಾಜ್ಯದ ವಿಷಯ.

ವರ್ಜೀನಿಯಾ ಮತ್ತು ಟೆನೆಸಿಯ ಗಡಿಯಲ್ಲಿ ಬ್ರಿಸ್ಟಲ್ ಅಂತ ಒಂದು ಊರಿದೆ. ಅದರ ಸ್ಟೇಟ್ ಸ್ಟ್ರೀಟಿನ ನಡುವೆಯೇ ರಾಜ್ಯದ ಗಡಿ ಹಾದುಹೋಗುತ್ತದೆ. ಅಲ್ಲೊಂದು ಅಪಘಾತವಾಯಿತು ಅಂದುಕೊಳ್ಳಿ. ಗಾಯಾಳುವಿನ ನಷ್ಟ ಒಂದು ಲಕ್ಷ ಡಾಲರ್, ಅವರದೇ ತಪ್ಪು ನೂರಕ್ಕೆ 20. ಟೆನೆಸಿ ಬದಿಯಲ್ಲಾದರೆ ಲೆಕ್ಕದ ಪ್ರಕಾರ 80,000 ಸಿಗಬೇಕು. ವರ್ಜೀನಿಯಾ ಬದಿಯಲ್ಲಾದರೆ ಸೊನ್ನೆ. ಅಲ್ಲಿ ಗಾಯಾಳುವಿನ ತಪ್ಪು ನೂರಕ್ಕೆ ಒಂದರಷ್ಟಿದ್ದು, ಅದು ಅಪಘಾತಕ್ಕೆ ಕಾರಣವಾಗಿದ್ದರೂ ಸಾಕು, ಬಾಗಿಲು ಮುಚ್ಚಿತು. ಮೇರಿಲ್ಯಾಂಡ್, ನಾರ್ತ್ ಕ್ಯಾರೊಲಿನಾ, ಅಲಬಾಮಾಗಳಲ್ಲೂ ಇದೇ ಹಳೇ ನಿಯಮ ಉಳಿದುಕೊಂಡಿದೆ. ನನ್ನ ಕೇಳಿದರೆ ಇದು ಕ್ರೂರ ನಿಯಮ.

ಟೆನೆಸಿ ಕೂಡ ಪೂರ್ತಿ ಉದಾರಿಯಲ್ಲ. ತಪ್ಪು ಅರ್ಧ ಮುಟ್ಟಿತೋ, ಅಲ್ಲೂ ಏನೂ ಇಲ್ಲ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಮಾತ್ರ 1975ರಲ್ಲೇ ಹಳೇ ನಿಯಮ ಬಿಟ್ಟು, ತಪ್ಪು ಎಷ್ಟೇ ಇರಲಿ, ಅಷ್ಟು ಪಾಲು ಕಳೆದು ಉಳಿದದ್ದು ಕೊಡಿ ಅಂದಿತು. ನಿಮ್ಮ ಅಣ್ಣನ ಮಗನಿಗೆ ಕೈಹಿಡಿದದ್ದು ಅದೇ. ನ್ಯೂಯಾರ್ಕಿನ ದಾರಿ ಇನ್ನೂ ಬೇರೆ. ತಪ್ಪು ಯಾರದೇ ಇರಲಿ, ಆಸ್ಪತ್ರೆ ಖರ್ಚು ಮತ್ತು ಸಂಬಳದ ನಷ್ಟಕ್ಕೆ ಮೊದಲು ಕಾರಿನ ಸ್ವಂತ ವಿಮೆಯಿಂದಲೇ 50,000 ಡಾಲರ್‌ವರೆಗೆ ಸಿಗುತ್ತದೆ. ನೋವಿಗೆ ಪರಿಹಾರ ಕೇಳಬೇಕಾದರೆ ಮಾತ್ರ ಗಾಯ ಗಂಭೀರವಾಗಿರಬೇಕು.

ಈಗ ಮಗಳ ವಿಷಯ. ನಮ್ಮ ಕಡೆ ಗಾಡಿ ಗುದ್ದಿದರೆ ಮೊದಲು ಜಗಳ ಆಡ್ತೀವಿ, ಆಮೇಲೆ ‘ನಂದೂ ತಪ್ಪಿತ್ತು ಬಿಡಿ’ ಅಂತ ಸಮಾಧಾನ ಮಾಡ್ತೀವಿ. ವರ್ಜೀನಿಯಾದಲ್ಲಿ ಆ ದೊಡ್ಡತನ ದುಬಾರಿ. ಹಾಗಂತ ಆಟ ಮುಗಿದಿಲ್ಲ. ಕಂಪನಿ ಹೇಳಿದ್ದೇನೂ ತೀರ್ಪಲ್ಲ. ಅವಳ ತಪ್ಪಿತ್ತು ಅಂತ ಸಾಬೀತು ಮಾಡುವ ಹೊಣೆ ಎದುರು ಪಕ್ಷದ್ದು. ಸ್ಪೀಡಿತ್ತು ಅಂದರೆ ಸಾಲದು, ಆ ಸ್ಪೀಡಿನಿಂದಲೂ ಅಪಘಾತವಾಯಿತು ಅಂತ ತೋರಿಸಬೇಕು. ಇವಳು ನಿಧಾನವಾಗಿ ಬಂದಿದ್ದರೂ ಅವನು ಗುದ್ದುತ್ತಿದ್ದ ಅನ್ನುವಂತಿದ್ದರೆ, ಆ ಒಂದು ಮಾತು ಅವಳನ್ನು ಮುಳುಗಿಸಬೇಕಿಲ್ಲ.

ಅವಳ ಸ್ವಂತ ಪಾಲಿಸಿಯಲ್ಲಿ ‘ಮೆಡ್‌ಪೇ’ ಇದೆಯಾ ನೋಡಲು ಹೇಳಿ. ಇದ್ದರೆ ತಪ್ಪು ಯಾರದು ಅಂತ ಕೇಳದೆ ಆಸ್ಪತ್ರೆ ಬಿಲ್ಲಿಗೆ ಅದರ ಮಿತಿಯವರೆಗೆ ಹಣ ಕೊಡುತ್ತದೆ. ಎದುರಿನವನ ವಿಮಾ ಕಂಪನಿಯವರು ಫೋನಿನಲ್ಲಿ ಹೇಳಿಕೆ ರೆಕಾರ್ಡ್ ಮಾಡಿಕೊಳ್ತೀವಿ ಅಂದರೆ ಸುಮ್ನೆ ಒಪ್ಪಬಾರದು, ಮೊದಲು ವಕೀಲರನ್ನು ಕೇಳಲಿ. ಇಂಥ ಕೇಸು ಹಿಡಿಯುವ ವಕೀಲರು ಸಾಮಾನ್ಯವಾಗಿ ಹಣ ಬಂದರೆ ಮಾತ್ರ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಹಾಗಾಗಿ ಕೈಯಲ್ಲಿ ದುಡ್ಡಿಲ್ಲ ಅಂತ ಹಿಂಜರಿಯಬೇಕಿಲ್ಲ.

ಇನ್ನೊಂದು, ಗಡುವು. ಟೆನೆಸಿಯಲ್ಲಿ ಒಂದೇ ವರ್ಷ. ಅಲ್ಲಾಗಿದ್ದರೆ ಇಷ್ಟೊತ್ತಿಗೆ ದಾವೆಯ ದಾರಿಯೇ ಮುಚ್ಚಿರುತ್ತಿತ್ತು. ವರ್ಜೀನಿಯಾದಲ್ಲಿ ಎರಡು ವರ್ಷ. ಕಂಪನಿಯ ಜೊತೆ ಪತ್ರ ವ್ಯವಹಾರ ನಡೆಯುತ್ತಿದೆ ಅಂತ ಆ ಗಡಿಯಾರ ನಿಲ್ಲುವುದಿಲ್ಲ. ನೀವು ಬರೆದ ಲೆಕ್ಕ ಸರಿಯಿದ್ದರೆ ಅವಳಿಗೆ ಇನ್ನು ಹತ್ತು ತಿಂಗಳಿದೆ. ಈ ಸಂಚಿಕೆ ಕೈಸೇರುವವರೆಗೆ ಕಾಯಿಸಬಾರದು ಅಂತ ಇದೇ ಉತ್ತರವನ್ನು ನಿಮಗೆ ಅಂಚೆಯಲ್ಲೂ ಕಳಿಸಿದ್ದೇನೆ.